ತಳ್ಳುವವನು ನೀನಲ್ಲವಂತೆ

ತಮ್ಮಾ ರಂಗಾ,

ಬೈಯುವುದಕ್ಕೇ ಬರೆಯುತ್ತಿದ್ದೇನೆ. ನೀನು ಕ್ಷೇಮವೇ ಎಂದು ಕೇಳುವ ಹಾಗಿಲ್ಲ, ನಾವು ಕ್ಷೇಮ ಎಂದು ಬರೆಯಲು ಕೈ ಬರುತ್ತಿಲ್ಲ. ಸತ್ತು ವರ್ಷವಾದ ಮೇಲೆ ಒಬ್ಬನ ಸುಳ್ಳು ಹೊರಬಿದ್ದರೆ ಯಾರ ಜುಟ್ಟು ಹಿಡಿದು ಕೇಳಬೇಕು, ನೀನೇ ಹೇಳು?

ಎಸ್ಸೆಸ್ಸೆಲ್ಸಿ ಎರಡನೇ ಸಲವೂ ಫೇಲಾದ ದಿನ ನೀನು ಹಳೇಬೀಡಿನ ಕೆರೆ ಏರಿಯ ಮೇಲೆ ಕೂತು ನೀರಿಗೆ ಕಲ್ಲು ಎಸೆಯುತ್ತಿದ್ದೆ. ನಾನು ಸ್ಕೂಲಿನಲ್ಲಿ ಪಾಠ ಮುಗಿಸಿ ಬರುತ್ತಿದ್ದವಳು ಜೊತೆಯ ಮೇಷ್ಟ್ರುಗಳ ಮುಂದೆಯೇ ಅಂದುಬಿಟ್ಟೆ: "ನೀನು ಕೆಟ್ಟು ನಿಂತ ಬಸ್ಸು ಕಣೋ. ಹಿಂದಿನಿಂದ ಯಾರಾದ್ರೂ ತಳ್ಳಿದ್ರೆ ಮಾತ್ರ ಮುಂದಕ್ಕೆ ಹೋಗ್ತೀಯ." ಅವರು ನಕ್ಕರು. ನೀನೂ ನಕ್ಕೆ. ಆಮೇಲೆ ಯಾರ್ಯಾರನ್ನೋ ಕಾಡಿ ಬೇಡಿ ಅರಸೀಕೆರೆಯ ಗೂಡ್ಸ್ ಶೆಡ್ಡಿನಲ್ಲಿ ಕೆಲಸ ಕೊಡಿಸಿದವಳೂ ನಾನೇ. ಅದೂ ತಳ್ಳಿದ್ದೇ ತಾನೇ? ಮೂರು ತಿಂಗಳು ಅದಿರಿನ ವ್ಯಾಗನ್ನುಗಳನ್ನು ನೋಡುತ್ತ ಕೂತವನು, ಈ ಅದಿರು ಹಡಗು ಹತ್ತುವ ಕಡೆಗೆ ನಾನೂ ಹೋಗುತ್ತೇನೆ ಎಂದು ಮಂಗಳೂರಿಗೆ ಹೊರಟು ನಿಂತೆ. "ಸಮುದ್ರ ನಂಗೇನು ಹೊಸದಾ ಅಕ್ಕಾ? ದ್ವಾರಸಮುದ್ರದಲ್ಲೇ ಈಜು ಕಲ್ತೋನು" ಅಂದೆ. ಕೆರೆಗೆ ಸಮುದ್ರ ಎಂದು ಹೆಸರಿಟ್ಟ ಊರಿನವರು ನಾವು, ನಮಗೆ ಬುದ್ಧಿ ಎಲ್ಲಿಂದ ಬರಬೇಕು?

ನಿನ್ನ ಮೊದಲ ಕಾಗದವನ್ನು ಅವ್ವನಿಗೆ ಓದಿ ಹೇಳಿದ್ದು ನಾನೇ. ದೊಡ್ಡ ಹಡಗು ದಡಕ್ಕೆ ಬರುವುದಿಲ್ಲ, ಅಲ್ಲಿ ಅದಕ್ಕೆ ನೀರು ಸಾಲದು, ದೂರದಲ್ಲೇ ಲಂಗರು ಹಾಕಿ ನಿಲ್ಲುತ್ತದೆ ಎಂದು ಬರೆದಿದ್ದೆ. ಅದಿರನ್ನು ಬಾರ್ಜಿಗೆ ತುಂಬಿ ಹಡಗಿನ ಹತ್ತಿರ ಒಯ್ಯಬೇಕು. ಬಾರ್ಜಿಗೆ ಇಂಜಿನ್ ಇಲ್ಲ, ಅದು ಬರೀ ಕಬ್ಬಿಣದ ತೊಟ್ಟಿ. ಟಗ್ ಎನ್ನುವ ಗಿಡ್ಡ ದೋಣಿ ಹಗ್ಗ ಬಿಗಿದು, ಹಿಂದಿನಿಂದ ಮೂತಿ ಹಚ್ಚಿ ಅದನ್ನು ತಳ್ಳುತ್ತದೆ. "ನಾನು ಟಗ್ಗಿನಲ್ಲಿದ್ದೇನೆ. ಈಗ ತಳ್ಳುವವನು ನಾನೇ." ಆ ಕೊನೆಯ ಮಾತಿನ ಕೆಳಗೆ ಗೆರೆ ಎಳೆದಿದ್ದೆಯಲ್ಲ, ಅದು ನನಗೇ ಎಂದು ಗೊತ್ತಾಯಿತು. ಕೋಪ ಬರಲಿಲ್ಲ ಕಣೋ, ಉಬ್ಬಿಹೋದೆ. ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದೆ.

ಮಂಗಳೂರಿನವರು ಕೊಟ್ಟ ತಂತಿ ಬೇಲೂರಿನ ತಂತಿ ಆಫೀಸಿನಿಂದ ಮನೆಗೆ ಬಂದ ದಿನ ಸ್ಕೂಲಿಗೆ ರಜ. ತಂತಿ ಎಂದರೆ ಸಾಕು, ನಮ್ಮ ಕೇರಿಯಲ್ಲಿ ಒಡೆಯುವ ಮೊದಲೇ ಅಳು ಶುರು. ಅವ್ವ ಕಂಬ ಹಿಡಿದು ಕುಸಿದಳು. ನಾನು ಓದಿದೆ: "ಬಾರ್ಜ್ ಲಾಸ್ಟ್. ಟಗ್ ಸೇಫ್. ಲೆಟರ್ ಫಾಲೋಸ್." ನಿನ್ನ ಹೆಸರೇ ಇರಲಿಲ್ಲ, ಯಾವ ಗುಮಾಸ್ತ ಬರೆದನೋ, ಅವನ ಕೈ ಸೇದಿಹೋಗ! ಇಡೀ ಕೇರಿಗೆ ಇಂಗ್ಲಿಷ್ ಬಲ್ಲವಳು ನಾನೊಬ್ಬಳೇ ಎನ್ನುವ ಜಂಬ ಬೇರೆ ನನಗೆ. "ಏಳವ್ವ, ಎದ್ದೇಳು! ಬಾರ್ಜು ಮುಳುಗೋಯ್ತಂತೆ, ಟಗ್ಗಿಗೆ ಏನೂ ಆಗಿಲ್ವಂತೆ, ಕಾಗ್ದ ಹಿಂದೇನೇ ಬರುತ್ತಂತೆ. ನಮ್ ರಂಗ ಇರೋದು ಟಗ್ಗಲ್ಲಿ ತಾನೇ? ನಾವು ಗಾಬರಿ ಆಗ್ಬಾರ್ದು ಅಂತ ಕಳ್ಸಿದ್ದಾರೆ."

ಅವ್ವ ನನ್ನ ಮುಖವನ್ನೇ ನೋಡಿದಳು. "ಬಾರ್ಜು ಹೋಯ್ತಾ?"

"ಹೋದ್ರೆ ಹೋಗ್ಲಿ ಬಿಡವ್ವ, ಕಬ್ಬಿಣದ ತೊಟ್ಟಿ! ನೀನು ಪಾಯಸಕ್ಕಿಡು."

ಇಟ್ಟಳು. ನಾನು ಮನೆಮನೆಗೆ ಬೆಲ್ಲ, ಕೊಬ್ಬರಿ ಹಂಚಿ ಬರುವಷ್ಟರಲ್ಲಿ ಗೋಡೆಯ ಬದಿಗೆ ಒಂದು ಎಲೆ ಹಾಕಿ ಪಾಯಸ ಬಡಿಸಿದ್ದಳು. ಯಾರಿಗವ್ವ ಎಂದೆ. "ಮಗೀಗೆ" ಅಂದಳು. "ಅಲ್ಲಿಂದ ಓಡಿ ಬರ್ತಾನಾ ತಿನ್ನಕ್ಕೆ?" ಎಂದು ನಗಾಡಿದೆ. ಅವಳು ತುತ್ತು ಬಾಯಿಗಿಡಲಿಲ್ಲ, ಹೊಟ್ಟೆ ಸರಿಯಿಲ್ಲ ಅಂದಳು.

ನಾಲ್ಕನೇ ದಿನ ಕಾಗದ ಬಂತು. ನದಿ ಸಮುದ್ರ ಸೇರುವ ಅಳಿವೆಯಲ್ಲಿ ಅಲೆ ಹೊಡೆದು ಬಾರ್ಜು ಮಗುಚಿತಂತೆ. ಟಗ್ಗಿನವರು ಹಗ್ಗ ಕಡಿದು ಉಳಿದುಕೊಂಡರಂತೆ. "ಬಾರ್ಜಿನ ಖಲಾಸಿ ರಂಗ" ಸಿಗಲಿಲ್ಲವಂತೆ. ಬಾರ್ಜಿನ ಖಲಾಸಿ, ಅಂದರೆ ಬಾರ್ಜಿನ ಮೇಲೇ ನಿಂತು ದುಡಿಯುವ ಆಳು ಎನ್ನುವ ಮಾತನ್ನು ನಾನು ಒಪ್ಪಲಿಲ್ಲ ಕಣೋ. ಕಚೇರಿಯವರು ತಪ್ಪು ಬರೆದಿದ್ದಾರೆ, ನಮ್ಮ ರಂಗ ಯಾರನ್ನೋ ಉಳಿಸಲು ಟಗ್ಗಿನಿಂದ ಹಾರಿರಬೇಕು ಎಂದು ವರ್ಷವಿಡೀ ಊರಿಗೆಲ್ಲ ಸಾರಿದೆ. ನನ್ನ ತಮ್ಮ ಸತ್ತಿದ್ದೂ ತಳ್ಳುವವನಾಗಿಯೇ ಎಂದು…

ಹೋದ ವಾರ ನಿನ್ನ ವರ್ಷದ ಎಡೆಗೆಂದು ಪಾಯಸಕ್ಕೆ ಒಲೆ ಹಚ್ಚಿದೆ. ಅವ್ವ ಬಂದು ಕೈ ಹಿಡಿದಳು. "ಪಾಯ್ಸ ಬ್ಯಾಡ ಕಣೇ. ಅದ್ನ ಅವನಿಗೆ ಅವತ್ತೇ ಇಕ್ಕಿವ್ನಿ."

"ಯಾವತ್ತು?"

"ತಂತಿ ಬಂದ ದಿನ."

ಆ ತಂತಿಗೂ ಮುಂಚೆ ನೀನು ದೀಪಾವಳಿಗೆ ಬಂದು ಹೋಗುವಾಗ ಬೇಲೂರು ಬಸ್ ಸ್ಟ್ಯಾಂಡಿನಲ್ಲಿ ಅವಳಿಗೆ ಹೇಳಿದ್ದೆಯಂತೆ: "ನಾನಿರೋದು ತಳ್ಳುಸ್ಕೊಳೋ ತೊಟ್ಟೀಲಿ ಕಣವ್ವ. ಅಕ್ಕಂಗೆ ಹೇಳ್ಬ್ಯಾಡ, ನಗ್ತಾಳೆ." ನಗುತ್ತಿದ್ದೆನೇ? ನಗುತ್ತಿದ್ದೆ. ಸುಳ್ಳು ಹೇಳಿದ್ದಕ್ಕೆ ನಿನ್ನ ಮೇಲೆ ಸಿಟ್ಟು, ಹೇಳಿಸಿದ ನನ್ನ ನಾಲಗೆಯ ಮೇಲೆ ಅದಕ್ಕಿಂತ ಸಿಟ್ಟು. ಆ ಸಿಟ್ಟನ್ನೆಲ್ಲ ಅವ್ವನ ಮೇಲೆ ಹಾಕಿದೆ. "ಎಲ್ಲಾ ಗೊತ್ತಿದ್ದೂ ಯಾಕೆ ಬಾಯಿ ಮುಚ್ಕೊಂಡಿದ್ದೆ?" ಎಂದು ಕೂಗಾಡಿದೆ.

"ನೀನು ಅಷ್ಟು ಕುಣೀತಿದ್ದೆ ಕಣೇ" ಅಂದಳು. "ಕಾಗ್ದ ಬರೋಗಂಟ ಒಬ್ಬಳ ಪಾಲಿಗಾದ್ರೂ ಅವ್ನು ಬದುಕಿರ್ಲಿ ಅಂದ್ಕಂಡೆ."

ಇನ್ನು ಮೇಲೆ ಯಾರು ಕೇಳಿದರೂ ನನ್ನ ತಮ್ಮ ಬಾರ್ಜಿನ ಖಲಾಸಿಯಾಗಿದ್ದ ಎಂದೇ ಹೇಳುತ್ತೇನೆ. ಆ ಮೇಷ್ಟ್ರುಗಳಿಗೆ ಆಗಲೇ ಹೇಳಿದ್ದಾಯಿತು, ಯಾರೂ ನಗಲಿಲ್ಲ. ನಿನಗೆ ತಿಳಿಯದ ಸುದ್ದಿ ಇನ್ನೊಂದು ಇದೆ, ಅದನ್ನೂ ಹೇಳಿಬಿಡುತ್ತೇನೆ. ಅವತ್ತಿನ ಪಾಯಸ ಚೆನ್ನಾಗಿತ್ತು ರಂಗಾ. ನಾನು ಎರಡು ಸಲ ಹಾಕಿಸಿಕೊಂಡು ತಿಂದೆ. ಅವ್ವನೇ ಬಡಿಸಿದಳು.

ನಿನ್ನ ಅಕ್ಕ