ಕನ್ನಡಕದ ಅಂಗಡಿಯ ಮೇಲಿನ ಕೋಣೆ

ಅಂಗಡಿಯಿಂದ, ಬಾಗಿಲು ಅರ್ಧ ಎಳೆದುಕೊಂಡು
ಭಾನುವಾರ, ಆಗಸ್ಟ್ ೧೧

ಮುದ್ದಿನ ಪುಟ್ಟೀ,

ಹೇಗಿದ್ದೀಯಮ್ಮಾ? ನಿದ್ದೆ ಬರುತ್ತಿದೆಯಾ? ತಟ್ಟೆಗೆ ಬಡಿಸಿದ್ದನ್ನು ಅತ್ತಿತ್ತ ಸರಿಸಿ ಎದ್ದುಬಿಡುತ್ತೀಯಂತೆ. ಅತ್ತೆ ಫೋನಿನಲ್ಲಿ ಹೇಳಿದಳು. ನೀನಂತೂ ನನ್ನ ಫೋನು ಎತ್ತುವುದಿಲ್ಲ. ತಪ್ಪು ನನ್ನದೇ ಬಿಡು, ಅದಕ್ಕೇ ಕಾಗದ ಬರೆಯಲು ಕೂತೆ. ಕೈಗಡಿಯಾರ ರಿಪೇರಿಗೆ ಚಿಮುಟ ಹಿಡಿದು ಹಿಡಿದು ಪೆನ್ನು ಮರೆತ ಕೈ ಇದು, ಅಕ್ಷರ ನೋಡಿ ನಗಬೇಡ.

ಅಮ್ಮ ಹೋದ ಮೇಲೆ ನೀನು ಬಾಯಿಬಿಟ್ಟು ಕೇಳಿದ್ದು ಒಂದೇ: "ಅಪ್ಪಾ, ನಂಗೆ ಯಾರ ಹತ್ರಾನಾದ್ರೂ ಮಾತಾಡ್ಬೇಕು." ಅಂಗೈಯಗಲದ ನಮ್ಮ ಊರಿನಲ್ಲಿ ಕೌನ್ಸೆಲರನ್ನು ಎಲ್ಲಿಂದ ತರಲಿ? ವಿಚಾರಿಸಿದರೆ ಊರಿಗೆಲ್ಲ ಗೊತ್ತಾಗುತ್ತದೆ, ವಿಚಾರಿಸದಿದ್ದರೆ ಸಿಗುವುದಿಲ್ಲ. ಕೊನೆಗೆ ಔಷಧದಂಗಡಿಯವನ ಕಿವಿಯಲ್ಲಿ ಪಿಸುಗುಟ್ಟಿ ಪತ್ತೆ ಹಚ್ಚಿದೆ: ಬುಧವಾರ ಮಾತ್ರ ಬರುತ್ತಾರೆ, ಕೂರುವುದು ಕನ್ನಡಕದ ಅಂಗಡಿಯ ಮೇಲಿನ ಕೋಣೆಯಲ್ಲಿ. ತಿಂಗಳುಗಟ್ಟಲೆ ಕಾದು ನಿನಗೆ ಪ್ರತಿ ಬುಧವಾರ ಸಂಜೆ ನಾಲ್ಕು ಗಂಟೆಯ ಹೊತ್ತು ಹಿಡಿದೆ. ಆಮೇಲೆ ಮಾಡಿದ್ದೇನು? ಮೆಟ್ಟಿಲ ಬುಡದಲ್ಲೇ ಅಂಗಡಿ ಇಟ್ಟಿರುವ ದರ್ಜಿ ತಲೆಯೆತ್ತಿ ನೋಡಿದ್ದೇ ತಡ, ನಿನ್ನ ಕೈ ಎಳೆದುಕೊಂಡು ಕನ್ನಡಕದ ಅಂಗಡಿಗೆ ನುಗ್ಗಿದೆ. "ಮಗಳಿಗೆ ಕಣ್ಣು ಸ್ವಲ್ಪ ಮಂಜು" ಅಂದೆ. ಬೇಡದ ಕನ್ನಡಕ ಹಾಕಿಸಿಕೊಂಡು ಕನ್ನಡಿಯಲ್ಲಿ ನೀನು ನನ್ನನ್ನು ನೋಡಿದೆಯಲ್ಲ, ಆ ನೋಟ ಇನ್ನೂ ಚುಚ್ಚುತ್ತಿದೆ. ಮಾರನೆಯ ದಿನವೇ ನೀನು ಅತ್ತೆಯ ಮನೆಗೆ ಹೊರಟುಹೋದೆ.

ಸಿಕ್ಕ ಹೊತ್ತು ಕೈತಪ್ಪಬಾರದೆಂದು ಮುಂದಿನ ಬುಧವಾರ ನಾನೇ ಹೋದೆ, ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿದ ಹಾಗೆ. ಸುಮ್ಮನೆ ಕೂತು ಎದ್ದು ಬರೋಣವೆಂದಿದ್ದೆ. ಕೌನ್ಸೆಲರಮ್ಮ "ಮನೇಲಿ ಈಗ ಅಡುಗೆ ಯಾರು ಮಾಡ್ತಾರೆ?" ಎಂದು ಕೇಳಿದರು, ಅಷ್ಟೇ. ಅಮ್ಮ ಹೋದ ದಿನವೂ ಅಳದ ನಿನ್ನಪ್ಪ ಬಿಕ್ಕಿ ಬಿಕ್ಕಿ ಅತ್ತ, ಪುಟ್ಟೀ. ಅಂದಿನಿಂದ ಒಂದು ಬುಧವಾರವೂ ತಪ್ಪಿಸಿಲ್ಲ. ಇಳಿದು ಬರುವಾಗ ಎದೆ ಹಗುರಾಗಿರುತ್ತದೆ. ಮನೆಗೆ ಬಂದು ನಿನ್ನ ಖಾಲಿ ಹಾಸಿಗೆ ನೋಡಿದರೆ, ಮಗಳ ಪಾಲಿನದನ್ನೂ ನಾನೇ ತಿಂದೆನಲ್ಲ ಎಂದು ಸಂಕಟ.

ತಮಾಷೆ ಕೇಳು. ದರ್ಜಿ ವಿಚಾರಿಸಿದಾಗಲೆಲ್ಲ "ಕಣ್ಣು ತೋರಿಸೋಕೆ ಬಂದೆ" ಎನ್ನುತ್ತಿದ್ದೆ. ವಾರವಾರ ಕಣ್ಣು ತೋರಿಸುವವನ ಕೈಗೆ ಯಾರು ಗಡಿಯಾರ ಕೊಡುತ್ತಾರೆ? ಅಂಗಡಿಯಲ್ಲಿ ನೊಣ ಹೊಡೆಯುತ್ತಾ ಕೂತಿದ್ದೇನೆ. ನನಗೆ ತಕ್ಕ ಶಾಸ್ತಿ.

ಅತ್ತೆಗೆ ನನ್ನ ನೆನಪು ತಿಳಿಸು. ಹೊಟ್ಟೆಗೆ ಸರಿಯಾಗಿ ತಿನ್ನು. ನಿನಗೆ ಒಳ್ಳೆಯದಾಗಲಿ ಕಂದಾ.

ನಿನ್ನ
ಅಪ್ಪ

ಮತ್ತೆ ಬರೆದದ್ದು: ಅಯ್ಯೋ, ಹೇಳಬೇಕಾದ್ದನ್ನೇ ಬಿಟ್ಟೆ. ಮೊನ್ನೆ ಬುಧವಾರ ದರ್ಜಿ ಮತ್ತೆ "ಕಣ್ಣು ಹೇಗಿದೆ?" ಅಂದ. "ಕಣ್ಣಿಗೇನೂ ಆಗಿಲ್ಲ ಕಣಯ್ಯ, ನಾನು ಹೋಗೋದು ಮೇಲಿನ ಕೌನ್ಸೆಲರ್ ಹತ್ರ" ಅಂದುಬಿಟ್ಟೆ. ನಿನ್ನ ಸುದ್ದಿ ಎತ್ತಲಿಲ್ಲ, ಅದು ನಿನ್ನದು. ಅವನು ಹೊಲಿಗೆ ನಿಲ್ಲಿಸಿ, ದನಿ ತಗ್ಗಿಸಿ, "ನನ್ನ ಹೆಂಡ್ತೀನೂ ಕರ್ಕೊಂಡ್ ಹೋಗ್ಬಹುದಾ?" ಅಂದ. ನಾಲ್ಕು ಗಂಟೆ ಇನ್ನೂ ನಿನ್ನದೇ. ಐದು ಗಂಟೆಗೆ ನನ್ನ ಹೆಸರು ಬೇರೆ ಬರೆಸಿದ್ದೇನೆ. ಬುಧವಾರ ಬಾ ಪುಟ್ಟೀ. ಮೆಟ್ಟಿಲ ಬುಡದಲ್ಲಿ ಯಾರೇ ನಿಂತಿರಲಿ, ನಿನ್ನ ಜೊತೆ ನಾನೂ ಹತ್ತುತ್ತೇನೆ.