ಏಪ್ರಿಲ್ ಒಂದರವರೆಗೆ

ಶ್ವಾರ್ಟ್ಸೆನ್‌ಬೆರ್ಗ್,
೧೪ ಡಿಸೆಂಬರ್ ೨೦೧೮

ಪ್ರೀತಿಯ ಲೋಥಾರ್,

ಎದೆಯ ಹೊಲಿಗೆ ಈಗ ಹೇಗಿದೆ? ರಾತ್ರಿ ಮಗ್ಗುಲು ಬದಲಿಸಲು ಬರುತ್ತದೆಯೇ? ಆಪರೇಷನ್ ಆದವರನ್ನು ಅಲ್ಲಿ ದಿನಾ ಕಡಲ ದಂಡೆಯಲ್ಲಿ ನಡೆಸುತ್ತಾರೆ, ನೀನು ಎಲ್ಲರಿಗಿಂತ ಮುಂದೆ ಹೋಗಿ ಬೈಸಿಕೊಳ್ಳುತ್ತೀಯೆ ಎಂದು ನರ್ಸ್ ಹೇಳಿದಳು. ಸಾರಿಗೆ ಉಪ್ಪಿಲ್ಲ ಎಂದು ಅಡುಗೆಯವರಿಗೆ ಚೀಟಿ ಬರೆದು ಕಳಿಸಿದೆಯಂತೆ. ನಿವೃತ್ತಿಯಾಗಿ ಎಷ್ಟು ವರ್ಷವಾದರೇನು, ತೆರಿಗೆ ಕಚೇರಿಯ ಬುದ್ಧಿ ಬಿಡುತ್ತದೆಯೇ. ಟೋಪಿ ಹಾಕಿಕೊಂಡು ಹೊರಗೆ ಹೋಗು, ಆ ಕಡಲ ಗಾಳಿಯನ್ನು ನಂಬಬೇಡ. ಈ ಸಲ ಕ್ರಿಸ್‌ಮಸ್ ಕೇಕ್ ಕಳಿಸುತ್ತಿಲ್ಲ, ಮಾಡಲೇ ಇಲ್ಲ. ಹಿಟ್ಟಿಗೆ ಕೈ ಹಾಕುವ ಮನಸ್ಸು ಬರಲಿಲ್ಲ.

ಎರಡು ವಾರದಿಂದ ನೀನು ಫೋನ್ ಮಾಡಿದಾಗಲೆಲ್ಲ ನಾನು ಹಿಮದ ಮಾತು, ಬೆಕ್ಕಿನ ಮಾತು ಆಡಿ ಇಟ್ಟುಬಿಟ್ಟೆ. ನಿನಗೆ ಅನುಮಾನ ಬಂದಿರಬೇಕು. ನಿನ್ನೆ ನಿನ್ನ ಡಾಕ್ಟರನ್ನು ಕೇಳಿದೆ. "ಈಗ ಹೇಳಬಹುದು, ಆದ್ರೆ ಮೆಲ್ಲಗೆ ಹೇಳಿ" ಅಂದರು. ಮೆಲ್ಲಗೆ ಹೇಳುವುದು ನನಗೆ ಯಾವತ್ತು ಬಂದಿತ್ತು? ಫೋನಿನಲ್ಲಾದರೆ ನೀನು ಕಾನೂನು ಹೇಳಲು ಶುರು ಮಾಡುತ್ತೀಯೆ, ಅದಕ್ಕೇ ಕಾಗದ. ನಮ್ಮ ಮೂರನೇ ಮಹಡಿಯ ಮೆಲ್ಸರಮ್ಮ ತೀರಿಕೊಂಡರು. ನಿನ್ನೆ ಮಣ್ಣು ಮಾಡಿ ಬಂದೆವು. ಕುರ್ಚಿಯಲ್ಲಿ ಕೂತುಕೋ, ನೀರು ಕುಡಿ, ಆಮೇಲೆ ಮುಂದೆ ಓದು.

ಅಕ್ಟೋಬರಿನಲ್ಲಿ ಚಿಮಣಿ ಗುಡಿಸುವ ಊಲಿಗ್ ಬಂದಿದ್ದು ನಿನಗೆ ನೆನಪಿರಬೇಕು. ಮೆಲ್ಸರಮ್ಮ ಎಂದಿನಂತೆ ಮೆಟ್ಟಿಲಲ್ಲಿ ಅವನನ್ನು ತಡೆದು, ಅದೃಷ್ಟ ಬರಲಿ ಎಂದು ಅವನ ಕೋಟಿನ ಗುಂಡಿ ಮುಟ್ಟಿ ಬಿಟ್ಟರು. ಅವನು ನೆಲಮಾಳಿಗೆಯಲ್ಲಿ ಬಾಯ್ಲರ್ ನೋಡಿ ಬಂದು ಕೈ ಒರೆಸಿಕೊಳ್ಳುತ್ತಾ ಹೇಳಿದ್ದು ನಿನ್ನ ಎದುರಿಗೇ. "ಇದು ಈ ಚಳಿಗಾಲ ದಾಟಲ್ಲ ಸಾರ್, ಬದಲಾಯಿಸಿಬಿಡಿ." ನೀನು ನನ್ನ ಅಡುಗೆಮನೆಯಲ್ಲಿ ಕೂತು, ಮಗುವಿಗೆ ಮಗ್ಗಿ ಹೇಳಿಕೊಡುವ ಹಾಗೆ ನನಗೆ ವಿವರಿಸಿದೆ. ಬಾಡಿಗೆಗೆ ಕೊಡುವ ಮನೆ ಕೊಂಡ ಮೂರು ವರ್ಷದೊಳಗೆ ರಿಪೇರಿಯ ಖರ್ಚು ಕಟ್ಟಡದ ಬೆಲೆಯ ನೂರಕ್ಕೆ ಹದಿನೈದನ್ನು ದಾಟಬಾರದು. ಚಾವಣಿ ಮತ್ತು ಕಿಟಕಿಗಳಿಗೇ ಹದಿನಾಲ್ಕಾಗಿದೆ. ಈಗ ಹೀಟಿಂಗ್ ಹಾಕಿಸಿದರೆ ಅದೊಂದೇ ಅಲ್ಲ, ಚಾವಣಿ, ಕಿಟಕಿ ಎಲ್ಲವೂ ಸೇರಿ, ಒಂದೇ ಸಲ ತೆರಿಗೆಯಲ್ಲಿ ಕಳೆಯುವ ಬದಲು ಐವತ್ತು ವರ್ಷಕ್ಕೆ ಚೂರುಚೂರಾಗಿ ಹಂಚಿ ಕಳೆಯಬೇಕು. ಮಾರ್ಚ್ ಮುಗಿದರೆ ನಾವು ಈ ಮನೆ ಕೊಂಡು ಮೂರು ವರ್ಷ ತುಂಬುತ್ತದೆ. "ಏಪ್ರಿಲ್ ಒಂದು ಬಂದ್ರೆ ಸಾಕಕ್ಕಾ. ಅಲ್ಲೀವರೆಗೆ ಇನ್ನೊಂದು ಸ್ವೆಟರ್ ಹಾಕ್ಕೊಳ್ಳಲಿ." ಲೆಕ್ಕ ಸರಿಯಾಗಿಯೇ ಇತ್ತು, ಲೋಥಾರ್. ನಿನ್ನ ಲೆಕ್ಕ ಯಾವತ್ತೂ ತಪ್ಪಿಲ್ಲ.

ನೀನು ಆಪರೇಷನ್‌ಗೆ ಹೋದ ಮೇಲೆ ಬಾಯ್ಲರ್ ಕೈಕೊಡಲು ಶುರು ಮಾಡಿತು. ಮೆಕ್ಯಾನಿಕ್ ಬಂದು ಬಡಿದು ಹೊತ್ತಿಸಿ ಹೋಗುತ್ತಿದ್ದ. ನನ್ನ ನೆಲಮಹಡಿಗೆ ಹೇಗೋ ಬಿಸಿ ಬರುತ್ತಿತ್ತು, ಎರಡನೆಯದಕ್ಕೆ ಅಷ್ಟಿಷ್ಟು, ಮೂರನೆಯದಕ್ಕೆ ಏನೂ ಇಲ್ಲ. ಮೆಲ್ಸರಮ್ಮ ಮನೆಯೊಳಗೇ ಕೋಟು, ಉಣ್ಣೆ ಟೋಪಿ ಹಾಕಿಕೊಂಡು ಲೇಸ್ ಹೆಣೆಯುತ್ತಾ ಕೂತಿರುತ್ತಿದ್ದರು. ನನ್ನ ಕರೆಂಟ್ ಹೀಟರ್ ಒಯ್ದು ಕೊಟ್ಟೆ. ಮರುದಿನವೇ ತಂದು ಬಾಗಿಲಲ್ಲಿಟ್ಟು, "ಕರೆಂಟ್ ಬಿಲ್ ನೋಡಿದ್ರೆ ಚಳಿಗಿಂತ ಮುಂಚೆ ನಾನೇ ಹೋಗಿಬಿಡ್ತೀನಿ ಕಣೇ" ಅಂದು ನಕ್ಕರು. ಬಾಡಿಗೆ ಕಡಿಮೆ ಕೊಡಿ, ಬಿಸಿ ಇಲ್ಲದ ಮನೆಗೆ ಪೂರ್ತಿ ಯಾಕೆ ಕೊಡ್ತೀರಿ ಅಂದೆ. ಅವರು ಒಪ್ಪಲಿಲ್ಲ. "ನಿನ್ನ ತಮ್ಮ ಏಪ್ರಿಲ್ ಅಂದ್ಮೇಲೆ ಅದಕ್ಕೇನೋ ಕಾನೂನಿರುತ್ತೆ. ಓದಿದೋನು. ನಾನು ಕಲ್ಲಿದ್ದಲಿನ ಕಾಲದವಳು, ನನಗೇನಾಗುತ್ತೆ." ನಮ್ಮ ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತು ವರ್ಷ ಸೌಟು ಹಿಡಿದವರು. ನಿನ್ನ ತಟ್ಟೆಗೆ ಮಾತ್ರ ಎರಡು ಸಲ ಆಲೂಗಡ್ಡೆ ಬೀಳುತ್ತಿತ್ತು, ನೀನು ಬಡಕಲು ಎಂದು.

ಕಲ್ಲಿದ್ದಲಿನ ಕಾಲದವಳು ಎಂಬುದು ಬರೀ ಮಾತಲ್ಲ ಎಂದು ನನಗೆ ಹೊಳೆಯಲಿಲ್ಲ. ನೆಲಮಾಳಿಗೆಯಲ್ಲಿ ಅವರ ಪಾಲಿನ ಗೂಡಿನಲ್ಲಿ ಹಳೆಯ ಕಲ್ಲಿದ್ದಲಿನ ಇಟ್ಟಿಗೆಗಳು ಇನ್ನೂ ಇದ್ದವು. ಅವರ ಕೋಣೆಯಲ್ಲಿ ಹಸಿರು ಹೆಂಚಿನ ಆ ಹಳೆಯ ಒಲೆಯೂ ಇತ್ತು, ಗ್ಯಾಸ್ ಬಂದ ಮೇಲೆ ಅದರ ಮೇಲೆ ಹೂಕುಂಡ ಇಡುತ್ತಿದ್ದರು. ಚಾವಣಿ ಮಾಡಿಸಿದಾಗ ಬಳಸದ ಚಿಮಣಿಗೆ ನೀರು ಇಳಿಯದಿರಲಿ ಎಂದು ಕೆಲಸದವರು ಮೇಲೆ ತಗಡು ಹೊಡೆದು ಮುಚ್ಚಿದರಲ್ಲ. ಅದು ನಿನಗೆ ಗೊತ್ತು, ನನಗೆ ಗೊತ್ತು, ಊಲಿಗ್‌ಗೆ ಗೊತ್ತು. ಒಲೆ ಹೊತ್ತಿಸದ ಮುದುಕಿಗೆ ಚಿಮಣಿಯ ಸುದ್ದಿ ಯಾಕೆಂದು ಯಾರೂ ಹೇಳಲಿಲ್ಲ.

ಕ್ರಿಸ್‌ಮಸ್‌ಗೆ ಕಾಯುವ ಅಡ್ವೆಂಟ್‌ನ ಮೊದಲ ಭಾನುವಾರದ ಹಿಂದಿನ ಸಂಜೆ. ಚರ್ಚಿನ ಗಂಟೆ ಬಾರಿಸಿತು, ಬೀದಿಯ ಕಿಟಕಿಗಳಲ್ಲೆಲ್ಲ ಕಮಾನು ದೀಪಗಳು ಹೊತ್ತಿಕೊಂಡವು. ನಾನು ಎಂದಿನಂತೆ ರಸ್ತೆಗೆ ಇಳಿದು ನಮ್ಮ ಮನೆಯ ಸಾಲು ನೋಡಿದೆ. ಮೂರನೇ ಮಹಡಿ ಕತ್ತಲೆ. ನಾವೂ ಇಲ್ಲಿ ಬಾಡಿಗೆಗಿದ್ದ ಕಾಲದಿಂದ, ನಲವತ್ತು ವರ್ಷದಲ್ಲಿ ಆ ಸಂಜೆ ಆ ಕಿಟಕಿ ಕತ್ತಲಾಗಿದ್ದು ನೆನಪಿಲ್ಲ. ಅವರ ಗಂಡ ಸತ್ತ ವರ್ಷವೂ ಹಚ್ಚಿದ್ದರು. ಎರಡನೇ ಮಹಡಿಯ ಟೊಬಿಯಾಸ್ ಭುಜ ಕೊಟ್ಟು ಬಾಗಿಲು ಮುರಿದ. ಅವರು ಒಲೆಯ ಪಕ್ಕ ಕುರ್ಚಿಯಲ್ಲಿದ್ದರು. ಟೋಪಿ ತೆಗೆದಿದ್ದರು, ಕೋಟು ಮಡಚಿ ಮಂಚದ ಮೇಲಿಟ್ಟಿದ್ದರು, ಲೇಸ್ ಹೆಣೆಯುವ ದಿಂಬು ತೊಡೆಯ ಮೇಲಿತ್ತು. ಕೋಣೆ ಬೆಚ್ಚಗಿತ್ತು, ಲೋಥಾರ್. ಹೊಗೆಯ ವಾಸನೆಯೂ ಇರಲಿಲ್ಲ. ಮುಚ್ಚಿದ ಚಿಮಣಿಯಿಂದ ಕೋಣೆಗೇ ತಿರುಗಿದ ಆ ವಿಷದ ಗಾಳಿಗೆ ವಾಸನೆ ಇರುವುದಿಲ್ಲವಂತೆ. ಅದು ಕೆಳಗಿನ ಮಹಡಿಗೂ ಇಳಿದಿತ್ತು; ಟೊಬಿಯಾಸನ ಹೆಂಡತಿ ಯಾನಾ ಮತ್ತು ಎಳೆಗೂಸನ್ನು ಆಸ್ಪತ್ರೆಗೆ ಸೇರಿಸಿ ಮರುದಿನ ಕಳಿಸಿದರು. ಮಗು ಚೆನ್ನಾಗಿದೆ. ಬಿಸಿ ಮಾತ್ರ ಇನ್ನೂ ಅರೆಬರೆ; ರಾತ್ರಿ ಮಗುವನ್ನು ನನ್ನ ಮನೆಯಲ್ಲಿ ಮಲಗಿಸುತ್ತಾರೆ.

ನಿನ್ನೆ ಮಣ್ಣಾದ ಮೇಲೆ ಹೋಟೆಲಿನಲ್ಲಿ ಎಲ್ಲರೂ ಕಾಫಿಗೆ ಕೂತೆವು. ಮೆಲ್ಸರಮ್ಮನ ತಂಗಿಯ ಮಗಳು ಕೆಮ್ನಿಟ್ಸ್‌ನಿಂದ ಬಂದಿದ್ದಳು. ಕೇಕಿನ ತಟ್ಟೆ ನನ್ನ ಕಡೆ ಸರಿಸುತ್ತಾ ಕೇಳಿದಳು: "ದೊಡ್ಡಮ್ಮ ಪ್ರತಿ ಸಲ ಫೋನಲ್ಲಿ, ಏಪ್ರಿಲ್‌ಗೆ ಬೆಚ್ಚಗಾಗುತ್ತೆ ಅಂತಿದ್ರು. ಏಪ್ರಿಲ್‌ನಲ್ಲಿ ಏನಿತ್ತು ಮೇಡಂ?" ನಾನು ಹೇಳಿದೆ. ಮೂರು ವರ್ಷ, ನೂರಕ್ಕೆ ಹದಿನೈದು, ಎಲ್ಲ ಹೇಳಿದೆ. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಓ, ಅಷ್ಟೇನಾ" ಅಂದಳು, ಚಮಚ ಕೆಳಗಿಟ್ಟಳು. ಪೊಲೀಸರು ಕೇಳಿದಾಗಲೂ ಇದನ್ನೇ ಹೇಳಿದ್ದೇನೆ. ನೀನು ಬಂದ ಮೇಲೆ ಬೇರೆ ಕಥೆ ಹೇಳಬೇಡ.

ಎದ್ದು ಹೊರಡುವಾಗ ನಿನ್ನ ಹಳೆಯ ಸಹೋದ್ಯೋಗಿ ಸೈಡೆಲ್ ನನ್ನನ್ನು ಕೋಟು ನೇತುಹಾಕುವ ಕಡೆ ಕರೆದ. "ಆಗಿದ್ದು ಆಗ್ಹೋಯ್ತು ರೋಸ್ವಿತಾ. ಈಗ ಗಾಬರಿಯಲ್ಲಿ ಬಾಯ್ಲರ್ ಹಾಕಿಸಿ ಎಲ್ಲ ಹಾಳು ಮಾಡ್ಕೋಬೇಡ. ಬಾಡಿಗೆದಾರರಿಗೆ ಕರೆಂಟ್ ಹೀಟರ್ ಕೊಡು, ಮೂರೂವರೆ ತಿಂಗಳು ತಾನೇ. ಲೋಥಾರ್ ಇದ್ದಿದ್ರೂ ಇದನ್ನೇ ಹೇಳ್ತಿದ್ದ." ನನಗೆ ಮೈಯೆಲ್ಲ ಉರಿದುಹೋಯಿತು. ಅವನು ಕೆಟ್ಟವನಲ್ಲ, ಮಣ್ಣು ಹಾಕುವಾಗ ಅತ್ತವನು. ನೀನೂ ಇದನ್ನೇ ಹೇಳುತ್ತಿದ್ದೆ ಎಂಬುದೇ ನನ್ನನ್ನು ಸುಡುತ್ತಿದೆ.

ನಿನ್ನನ್ನು ಬಿಟ್ಟರೆ ನನಗೆ ಯಾರಿದ್ದಾರೆ? ಮಾತ್ರೆ ತಪ್ಪಿಸಬೇಡ. ಅತ್ತರೆ ಒಳ್ಳೆಯದೇ, ಆದರೆ ನರ್ಸ್ ಹತ್ತಿರ ಇರುವಾಗ ಅಳು. ದೇವರು ನಿನ್ನನ್ನು ನಡೆಸಿಕೊಂಡು ಮನೆಗೆ ತರಲಿ.

ನಿನ್ನ ಅಕ್ಕ,
ರೋಸ್ವಿತಾ

ಮ. ಹೇ.: ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಅರ್ಧ ಮನೆ ನನ್ನ ಹೆಸರಿನಲ್ಲೂ ಇದೆ, ಅದು ಈಗ ನೆನಪಾಯಿತು. ಬೆಳಿಗ್ಗೆ ಹೊಸ ಬಾಯ್ಲರ್‌ನ ಕರಾರಿಗೆ ಸಹಿ ಹಾಕಿ ಜನ ಕರೆಸಿದೆ. ಈಗ ಕೆಲಸದವರು ಹಳೆಯ ಬಾಯ್ಲರನ್ನು ಮೆಟ್ಟಿಲ ಮೇಲೆ ಎಳೆಯುತ್ತಿದ್ದಾರೆ, ಸದ್ದಿಗೆ ಮಗು ಎದ್ದಿದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ ಅನ್ನುತ್ತೀಯೆ, ಹಾಕಿದ್ದೇನೆ. ಚಾವಣಿ, ಕಿಟಕಿ, ಹೀಟಿಂಗ್ ಎಲ್ಲ ಈಗ ಐವತ್ತು ವರ್ಷಕ್ಕೆ ಹಂಚಿಹೋಯಿತು. ಅಷ್ಟು ವರ್ಷ ನಮ್ಮಿಬ್ಬರಿಗೂ ಇಲ್ಲ. ಇದ್ದಷ್ಟು ವರ್ಷ, ಪ್ರತಿ ವಸಂತದಲ್ಲಿ ತೆರಿಗೆ ಕಾಗದ ತುಂಬಿಸುವಾಗ, ಈ ವರ್ಷದ ಪಾಲು ಇಷ್ಟು ಎಂಬ ಆ ಒಂದು ಸಾಲನ್ನು ನೀನೇ ನಿನ್ನ ಕೈಯಲ್ಲಿ ಬರೆಯಬೇಕು. ನಾನು ಪಕ್ಕದಲ್ಲಿ ಕೂತಿರುತ್ತೇನೆ.