ನಂಬರು ಬರೆಯುವುದೊಂದು ಬಾಕಿ

ಆರೈಕೆ ಮನೆಯ ಆಫೀಸು, ಮೊದಲ ಮಹಡಿ
ಸೆಪ್ಟೆಂಬರ್ 9, ಮಂಗಳವಾರ, ಊಟದ ನಂತರ

ಪ್ರೀತಿಯ ಪಿಟೀಲಿಗೆ,

ಹೇಗಿದ್ದೀಯ? ಬೆನ್ನು ಹೇಗಿದೆ? ಆರು ವರ್ಷ ಅಮ್ಮನನ್ನು ಎತ್ತಿ ಕೂರಿಸಿ, ಎತ್ತಿ ಮಲಗಿಸಿ ಬಂದ ನೋವು ಅದು, ಊರು ಬಿಟ್ಟ ಮಾತ್ರಕ್ಕೆ ಹೋಗುವಂಥದ್ದಲ್ಲ. ಬಿಸಿನೀರಿನ ಚೀಲ ಇಟ್ಟುಕೊಳ್ಳುತ್ತಿದ್ದೀಯೋ, ಇಲ್ಲ ಅದನ್ನೂ ನಾಳೆ ನೋಡೋಣ ಎಂದು ಮೂಲೆಗೆ ಹಾಕಿದ್ದೀಯೋ? ಹೊಸ ಕೆಲಸದಲ್ಲಿ ದಿನವಿಡೀ ನಿಂತೇ ಇರಬೇಕಂತೆ ಎಂದು ಚಿಕ್ಕಮ್ಮ ಹೇಳಿದಳು. ಕೂದಲಿಗೆ ಕತ್ತರಿ ಮುಟ್ಟಿಸದೆ ಏಳು ತಿಂಗಳಾಯಿತಂತೆ, ಅದನ್ನೂ ಹೇಳಿದಳು. ನಾನು ಫೋನು ಮಾಡಿದರೆ ನೀನು ಎತ್ತುವುದಿಲ್ಲ, ಎತ್ತಿದರೂ "ಆಮೇಲೆ ಮಾತಾಡ್ತೀನಿ ಅಣ್ಣ" ಎಂದು ಇಟ್ಟುಬಿಡುತ್ತೀಯ. ಆ 'ಆಮೇಲೆ' ಇನ್ನೂ ಬಂದಿಲ್ಲ. ಅದಕ್ಕೇ ಈ ಕಾಗದ. ಇದಕ್ಕೆ ಮುಂಚೆ ಮೂರು ಬರೆದು ಹರಿದು ಹಾಕಿದ್ದೇನೆ. ನನ್ನ ಆರೋಗ್ಯ ಪರವಾಗಿಲ್ಲ. ಹೆಡ್ ನರ್ಸ್ ವಾರಕ್ಕೊಮ್ಮೆ ನನ್ನನ್ನೂ ಹಿಡಿದು ಕೂರಿಸಿ ಬಿ.ಪಿ. ನೋಡಿ, ಗೊಣಗಿ, ಉಪ್ಪು ಕಡಿಮೆ ಮಾಡಿ ಎಂದು ಹೇಳಿ ಹೋಗುತ್ತಾರೆ.

ಒಂದು ಸುದ್ದಿ ಇದೆ, ನಗಬೇಡ. ಗುರುವಾರ ನಾನು ಪಾಠ ಮಾಡಬೇಕಂತೆ. ಬೇರೆ ಬೇರೆ ಆರೈಕೆ ಮನೆಗಳಿಗೆ ಹೊಸದಾಗಿ ಮ್ಯಾನೇಜರ್ ಆಗಿ ಸೇರಿದ ಇಪ್ಪತ್ತು ಮಂದಿ ನಮ್ಮ ಊಟದ ಹಾಲಿನಲ್ಲಿ ಕೂತು ನನ್ನಿಂದ ನಾಯಕತ್ವ ಎಂದರೇನು ಎಂದು ಕೇಳುತ್ತಾರಂತೆ. ನಮ್ಮ ಸಮಿತಿಯ ಅಧ್ಯಕ್ಷರ ಏರ್ಪಾಡು. ಬೇಡವೆಂದೆ, ಅವರು ಬಿಡಬೇಕಲ್ಲ. ಈ ಕುರ್ಚಿಯಲ್ಲಿ ಕೂತು ಇನ್ನೂ ಎರಡು ವರ್ಷ ತುಂಬಿಲ್ಲ, ನನಗೆ ಗೊತ್ತಿರುವುದು ಒಂದು ಮುಷ್ಟಿಯಷ್ಟು. ಬೆಳಿಗ್ಗೆ ಕಂಪ್ಯೂಟರ್ ಹಚ್ಚುವ ಮುಂಚೆ ಮೂವತ್ತೆರಡು ಕೋಣೆಗೂ ಒಂದು ಸುತ್ತು ಹೋಗಿಬರಬೇಕು. ಸಿಬ್ಬಂದಿಯ ಸಭೆಯನ್ನು ಆಫೀಸಿನಲ್ಲಿ ಕರೆಯಬಾರದು. ಈ ಮೇಜಿನ ಮುಂದೆ ನಿಂತರೆ ಎಲ್ಲರೂ ಕೈಕಟ್ಟಿಕೊಂಡು, ಎಲ್ಲ ಸರಿಯಾಗಿದೆ ಸಾರ್ ಎನ್ನುತ್ತಾರೆ. ಅದಕ್ಕೆ ನಾನು ಸಭೆಯನ್ನು ಬಟ್ಟೆ ಮಡಚುವ ಕೋಣೆಗೆ ಒಯ್ದೆ. ಹಾಸಿಗೆ ಹೊದಿಕೆಯ ಒಂದು ತುದಿ ನಾನು ಹಿಡಿಯುತ್ತೇನೆ, ಇನ್ನೊಂದು ತುದಿ ಆಯಾ ಹಿಡಿಯುತ್ತಾಳೆ. ಕೈ ಕೆಲಸ ಮಾಡುತ್ತಿದ್ದರೆ ಬಾಯಿ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ. ಮೂರನೇ ಕೋಣೆಯ ಗಾಲಿಕುರ್ಚಿಗೆ ವಾರದಿಂದ ಬ್ರೇಕು ಹಿಡಿಯುತ್ತಿಲ್ಲ ಎನ್ನುವುದು ನನಗೆ ತಿಳಿದದ್ದು ಹಾಗೆ. ಆಳಾಗಬಲ್ಲವನು ಅರಸನಾಗಬಲ್ಲ ಎಂದು ಅಮ್ಮ ಹೇಳುತ್ತಿದ್ದಳಲ್ಲ, ಅರಸನಾಗುವುದು ಹಾಗಿರಲಿ, ಹೊದಿಕೆ ಮಡಚುವುದನ್ನಂತೂ ಚೆನ್ನಾಗಿ ಕಲಿತಿದ್ದೇನೆ.

ನೀನಿದ್ದಿದ್ದರೆ ಹನ್ನೊಂದನೇ ಕೋಣೆಯವರನ್ನು ನೋಡಿ ನಗುತ್ತಿದ್ದೆ. ನಿವೃತ್ತ ಬಸ್ ಡ್ರೈವರು. ಜನವರಿ ಕೊನೆಗೆ ಬಂದರು. ಗಾಲಿಕುರ್ಚಿ ಓಣಿಯಲ್ಲಿ ತಿರುಗುವಾಗ ಬಾಯಲ್ಲೇ ಹಾರ್ನ್ ಹೊಡೆಯುತ್ತಾರೆ. ಊಟದ ಹಾಲಿನ ಬಾಗಿಲಲ್ಲಿ ಯಾರಾದರೂ ನಿಂತರೆ, ಒಳಗೆ ಜಾಗ ಇದೆ, ಮುಂದೆ ಹೋಗಿ, ಮುಂದೆ ಹೋಗಿ ಎಂದು ಕೂಗುತ್ತಾರೆ. ಅಡುಗೆಯವರು ಅವರಿಗೆ ಮೆಕ್ಯಾನಿಕ್ಕು, ಹೆಡ್ ನರ್ಸ್ ಚೆಕಿಂಗ್ ಇನ್ಸ್‌ಪೆಕ್ಟರು, ನಾನು ಕಂಡಕ್ಟರು. ಬೆಳಗಿನ ಸುತ್ತಿನಲ್ಲಿ ನಾನು ಬಾಗಿಲಿಗೆ ಬಂದರೆ ಸಾಕು, ಕೈ ಹಿಡಿದುಕೊಂಡು, ನೀವು ಸೀಟು ಕೊಡದೇ ಇದ್ದಿದ್ದರೆ ನಾನು ಸ್ಟಾಪಿನಲ್ಲೇ ಸಾಯುತ್ತಿದ್ದೆ ಎನ್ನುತ್ತಾರೆ. ಒಳ್ಳೆಯ ಮನುಷ್ಯ. ಆದರೆ ಆ ಕೋಣೆಯಲ್ಲಿ ನನಗೆ ಎರಡು ನಿಮಿಷ ನಿಲ್ಲಲಾಗುವುದಿಲ್ಲ. ಕಿಟಕಿಯಿಂದ ಆಚೆ ಬಟ್ಟೆ ಒಣಹಾಕುವ ತಂತಿಗಳು ಕಾಣುತ್ತವೆ. ಅಮ್ಮ ಇಲ್ಲಿಗೆ ಬಂದ ಒಂದೇ ಒಂದು ಸಲ ಆ ಕಿಟಕಿಯ ಹತ್ತಿರವೇ ಕೂತಿದ್ದಳು. ನಲವತ್ತು ವರ್ಷ ಹೊಲಿಗೆ ಯಂತ್ರ ತುಳಿದವಳು, ಅಷ್ಟು ದೂರದಿಂದಲೇ ನೋಡಿ ಯಾವ ಹೊದಿಕೆಯ ಅಂಚು ಬಿಚ್ಚಿದೆ ಎಂದು ಬೆರಳು ತೋರಿಸಿದ್ದಳು.

ಅಮ್ಮನ ಬಟ್ಟೆಗಳ ವಿಷಯ ನಿನಗೆ ಹೇಳಬೇಕು. ಯಾರಿಗಾದರೂ ಉಪಯೋಗವಾಗಲಿ ಎಂದು ನೀನು ಚಿಕ್ಕಮ್ಮನ ಕೈಯಲ್ಲಿ ಕೊಟ್ಟು ಕಳಿಸಿದ ಸೂಟ್‌ಕೇಸನ್ನು ನಮ್ಮ ಬಟ್ಟೆ ಒಗೆಯುವಾಕೆ ಕಳೆದ ವಾರ ತೆರೆದಳು. ಇಲ್ಲಿ ಎಲ್ಲರ ಬಟ್ಟೆಗೂ ಕೋಣೆಯ ನಂಬರು ಇರಬೇಕು, ಇಲ್ಲದಿದ್ದರೆ ಒಬ್ಬರ ಕಾಲುಚೀಲ ಇನ್ನೊಬ್ಬರ ಕಾಲಿಗೆ. ಕಿಟಕಿಯ ಹತ್ತಿರ ಕೂತಿದ್ದ ದಿನ ಅಮ್ಮನಿಗೆ ಅದನ್ನು ಹೇಳಿದ್ದೆ, ಹೇಳಿ ಮರೆತಿದ್ದೆ. ಸೂಟ್‌ಕೇಸಿನಲ್ಲಿದ್ದ ಒಂದೊಂದು ಬಟ್ಟೆಯ ಒಳ ಅಂಚಿಗೂ ಬೆರಳಗಲದ ಖಾಲಿ ಬಿಳಿ ಟೇಪು ಹೊಲಿದಿದೆ. ಹದಿನಾಲ್ಕು ಬಟ್ಟೆ, ಎರಡು ಸ್ವೆಟರ್, ಒಂದು ಶಾಲು. ನಡುಗುವ ಕೈಯ ಹೊಲಿಗೆ, ಆದರೂ ಒಂದೂ ಸೊಟ್ಟಗಿಲ್ಲ. ಆಗ ನೆನಪಾಯಿತು, ಡಿಸೆಂಬರ್‌ನಲ್ಲಿ ನಾನು ಮನೆಗೆ ಬಂದಾಗ ಅಮ್ಮ, "ಎಲ್ಲಾ ತಯಾರಿದೆ ಕಣೋ, ನಂಬರ್ ಬರೆಯೋದೊಂದು ಬಾಕಿ" ಎಂದಿದ್ದಳು. ಯಾವ ನಂಬರು, ಏನು ತಯಾರಿ ಎಂದು ನಾನು ಕೇಳಲೂ ಇಲ್ಲ. ಬಟ್ಟೆ ಒಗೆಯುವಾಕೆ ಶಾಲನ್ನು ಹಿಡಿದುಕೊಂಡು ಬಂದು ಇದಕ್ಕೆ ಯಾವ ನಂಬರು ಬರೆಯಲಿ ಎಂದಳು. ಶಾಲನ್ನು ಅವಳ ಕೈಯಿಂದ ತೆಗೆದುಕೊಂಡು ಮಡಚಿಟ್ಟೆ. ಸೂಟ್‌ಕೇಸು ಈಗ ನನ್ನ ಬೀರುವಿನಲ್ಲಿದೆ.

ಅಮ್ಮನಿಗೆ ಇಲ್ಲಿಗೆ ಬರುವ ಮನಸ್ಸಿತ್ತು, ಅದನ್ನು ನೀನು ಎಂದೂ ತಪ್ಪು ತಿಳಿಯಬೇಡ. ನಿನ್ನ ಮೇಲಿನ ಬೇಸರದಿಂದ ಅಲ್ಲ. "ಪಿಟೀಲಿನ ಬೆನ್ನು ಮುರಿದುಹೋಗ್ತಿದೆ, ಅವಳು ಬಾಯಿ ಬಿಟ್ಟು ಹೇಳಲ್ಲ" ಎಂದು ನನ್ನ ಕಿವಿಯಲ್ಲಿ ಹೇಳಿದ್ದಳು. ಚಿಕ್ಕವಳಿದ್ದಾಗ ಬೆಳಗ್ಗಿನಿಂದ ಸಂಜೆಯವರೆಗೆ ಕುಯ್ಯೋ ಎಂದು ಅತ್ತು ಆ ಹೆಸರು ಸಂಪಾದಿಸಿದವಳು ನೀನು, ದೊಡ್ಡವಳಾದ ಮೇಲೆ ತಂತಿ ಕಿತ್ತಿಟ್ಟ ಹಾಗೆ ಸುಮ್ಮನಾಗಿಬಿಟ್ಟೆ. ಕಾಯುವವರ ರಿಜಿಸ್ಟರಿನಲ್ಲಿ ಅಮ್ಮನ ಹೆಸರು ಬರೆಸಿದಾಗ ಏಳನೆಯದಾಗಿತ್ತು. ಪ್ರತಿ ಸೋಮವಾರ ನೀನು ಫೋನು ಮಾಡಿ, ಈಗ ಎಷ್ಟನೆಯವಳು ಅಣ್ಣ ಎಂದು ಕೇಳುತ್ತಿದ್ದೆ. ಒಂದು ಸಲವಾದರೂ, ನೀನೇ ಮ್ಯಾನೇಜರ್ ಅಲ್ಲವಾ, ಸ್ವಲ್ಪ ಮುಂದೆ ಹಾಕು ಎನ್ನಲಿಲ್ಲ. ಅಂದಿದ್ದರೆ ನಾನು ಬೈಯುತ್ತಿದ್ದೆ. ಅದೂ ನಿನಗೆ ಗೊತ್ತಿತ್ತು.

ನನ್ನ ಹೆಸರು ನೆನಪಿದೆಯಾ? ಸ್ಕೇಲು. ಒಂದು ಸೇಬು ಮೂರು ಪಾಲು ಮಾಡು ಎಂದರೆ ಅಳೆದು, ಸುರಿದು, ಕೊನೆಗೆ ಹುಳುಕಿನ ತುಂಡನ್ನು ನನಗೆ ಇಟ್ಟುಕೊಂಡು ದೊಡ್ಡ ಹರಿಶ್ಚಂದ್ರನ ಹಾಗೆ ನೋಡುತ್ತಿದ್ದೆ. ನೀನು ಕೊಟ್ಟದ್ದನ್ನು ತಿಂದು ನನ್ನದಕ್ಕೂ ಕೈ ಹಾಕುತ್ತಿದ್ದೆ. ಅಮ್ಮ ಮಾತ್ರ ಮೆಚ್ಚುತ್ತಿರಲಿಲ್ಲ. ಯಂತ್ರ ನಿಲ್ಲಿಸಿ ಒಮ್ಮೆ ನನ್ನನ್ನು ಹತ್ತಿರ ಕರೆದು, "ನಿನ್ನ ಪಾಲು ಕಮ್ಮಿ ಮಾಡ್ಕೊಳ್ಳೋದೂ ತಪ್ಪು ಅಳತೆನೇ ಕಣೋ" ಎಂದಳು. ಹತ್ತು ವರ್ಷದ ಹುಡುಗನಿಗೆ ಅದು ಅರ್ಥವಾಗಲಿಲ್ಲ. ಐವತ್ತೆರಡಕ್ಕೆ ಅರ್ಥವಾಗಿದೆ, ಹೇಳೋಣವೆಂದರೆ ಅವಳಿಲ್ಲ.

ಅವತ್ತಿನ ಮಾತು ಬೇಡವೆಂದುಕೊಂಡೇ ಕಾಗದ ಶುರುಮಾಡಿದೆ, ಆದರೂ ಕೈ ಅಲ್ಲಿಗೇ ಹೋಗುತ್ತದೆ. ಫೆಬ್ರವರಿ ಹತ್ತು. ಎಂಟು ತಿಂಗಳಲ್ಲಿ ಮೊದಲ ಸಲ ನೀನು ನಿನಗೋಸ್ಕರ ಹೊರಗೆ ಹೋಗಿದ್ದೆ, ನಲವತ್ತು ನಿಮಿಷ. ಅಮ್ಮನೇ ಒತ್ತಾಯ ಮಾಡಿ ಕಳಿಸಿದ್ದಳು. ನಾನು ಓಡಿಬಂದಾಗ ಬಚ್ಚಲಿನ ಬಾಗಿಲು ತೆಗೆದೇ ಇತ್ತು, ನಲ್ಲಿ ಹರಿಯುತ್ತಿತ್ತು, ನೀನು ಮೆಟ್ಟಿಲ ಮೇಲೆ ಕೂತಿದ್ದೆ. ಕತ್ತಿನ ಮೇಲೆ ಕತ್ತರಿಸಿದ ಕೂದಲಿನ ಚೂರುಗಳು ಇನ್ನೂ ಅಂಟಿಕೊಂಡಿದ್ದವು. "ಕೂದಲಿಗೋಸ್ಕರ ಅಮ್ಮನ್ನ ಬಿಟ್ಟು ಹೋದೆ ಅಣ್ಣ" ಎಂದೆ. ನಿನ್ನ ತಪ್ಪಲ್ಲ ಎಂದೆ ನಾನು. ಎಲ್ಲರೂ ಹೇಳಿದ ಹಾಗೆ ನಾನೂ ಹೇಳಿದೆ, ಯಾಕೆ ನಿನ್ನ ತಪ್ಪಲ್ಲ ಎಂದು ಮಾತ್ರ ಹೇಳಲಿಲ್ಲ. ನೀನು ಅದನ್ನೇ ಹೊತ್ತುಕೊಂಡು ಊರು ಬಿಟ್ಟೆ. ನಾನು ಬಸ್ಸಿನವರೆಗೆ ನಿನ್ನ ಚೀಲ ಹೊತ್ತು ತಂದೆ, ಅಷ್ಟೇ.

ಆ ವಾರ ಇಲ್ಲಿ ಸಂತಾಪ ಸಭೆ ಮಾಡಿದರು. ಅಧ್ಯಕ್ಷರು ಎದ್ದು ನಿಂತು, ಸ್ವಂತ ತಾಯಿಗೂ ಸಾಲು ಮುರಿಯದ ಮನುಷ್ಯ ಇವರು ಎಂದರು. ಎಲ್ಲರೂ ತಲೆಯಾಡಿಸಿದರು. ಗುರುವಾರ ಹೊಸಬರಿಗೆ ಆ ಪ್ರಸಂಗವನ್ನೇ ಮೊದಲು ಹೇಳಿ ಎಂದು ನಿನ್ನೆ ಮತ್ತೆ ನೆನಪಿಸಿದ್ದಾರೆ. ಟಿಪ್ಪಣಿ ಬರೆಯೋಣವೆಂದು ಕೂತವನು ನಿನಗೆ ಕಾಗದ ಬರೆಯುತ್ತಿದ್ದೇನೆ.

ಊಟ ಬಿಡಬೇಡ. ಚಿಕ್ಕಮ್ಮನಿಗೆ ಆಗಾಗ ಫೋನು ಮಾಡು, ನನಗಲ್ಲದಿದ್ದರೂ ಅವಳಿಗೆ. ಅತ್ತಿಗೆ ನಿನ್ನನ್ನು ಕೇಳಿದಳೆಂದು ಬರೆಯಲು ಹೇಳಿದ್ದಾಳೆ, ನಿನ್ನ ಕೋಣೆ ಗುಡಿಸಿಟ್ಟಿದ್ದಾಳೆ. ತಣ್ಣಗಿರು ತಾಯಿ, ನಿನಗೆ ಒಳ್ಳೆಯದಾಗಲಿ.

ನಿನ್ನ ಅಣ್ಣ,
ಸ್ಕೇಲು

ವಿ. ಸೂ.: ಕವರು ಅಂಟಿಸಿ ಮತ್ತೆ ಬಿಡಿಸಿದ್ದೇನೆ. ಊರ ಪುರಾಣವೆಲ್ಲ ಬರೆದು ಹೇಳಬೇಕಾದದ್ದನ್ನೇ ನುಂಗಿದ್ದೇನೆ. ಅಮ್ಮನ ಬಟ್ಟೆಗೆ ಬರೆಯಬೇಕಾಗಿದ್ದ ನಂಬರು ಹನ್ನೊಂದು. ಜನವರಿ ಇಪ್ಪತ್ತೆರಡಕ್ಕೆ ಆ ಕೋಣೆ ಖಾಲಿಯಾದಾಗ ಸರದಿ ಅಮ್ಮನದೇ. ಅದರ ಹಿಂದಿನ ವಾರ ಸಮಿತಿಗೆ ಹೆಸರಿಲ್ಲದ ದೂರು ಬಂದಿತ್ತು, ಇಲ್ಲಿ ಸಿಬ್ಬಂದಿಯ ನೆಂಟರಿಗೆ ಹಿಂಬಾಗಿಲು ತೆರೆದಿದೆ ಎಂದು. ನನಗಿಂತ ಮುಂಚೆ ಈ ಕುರ್ಚಿಯಲ್ಲಿದ್ದವರ ಮೇಲಿನ ದೂರು ಅದು, ಆದರೂ ಹೆದರಿದೆ. ಮ್ಯಾನೇಜರ್ ತನ್ನ ತಾಯಿಯನ್ನು ಸೇರಿಸಿಕೊಂಡ ಎನ್ನುತ್ತಾರೆಂದು ಎರಡನೆಯವರಿಗೆ, ಆ ಡ್ರೈವರಿಗೆ, ಫೋನು ಮಾಡಿದೆ. ಮುಂದಿನ ಕೋಣೆ ತಿಂಗಳೊಳಗೆ ಸಿಕ್ಕೇ ಸಿಗುತ್ತದೆ ಎಂದುಕೊಂಡೆ. ಸೋಮವಾರ ನೀನು ಕೇಳಿದಾಗ, ಇನ್ನೂ ಒಬ್ಬರು ಮುಂದಿದ್ದಾರೆ ಎಂದು ಸುಳ್ಳು ಹೇಳಿದೆ. ಆ ಕೋಣೆ ಖಾಲಿಯಾಗಿ ಹತ್ತೊಂಬತ್ತನೇ ದಿನ ಅಮ್ಮ ಬಿದ್ದಳು. ಸಾಲು ಮುರಿಯದ ಮನುಷ್ಯ ನಾನಲ್ಲ ಪಿಟೀಲು, ಮುರಿದೆ, ಅಮ್ಮನನ್ನು ಹಿಂದಕ್ಕೆ ತಳ್ಳಿ ಮುರಿದೆ. ಗುರುವಾರ ಅಧ್ಯಕ್ಷರ ಎದುರಿಗೇ ಆ ಇಪ್ಪತ್ತು ಮಂದಿಗೆ ಇದನ್ನೇ ಹೇಳುತ್ತೇನೆ, ಆಮೇಲೆ ಕುರ್ಚಿ ಇದ್ದರೆ ಇತ್ತು, ಹೋದರೆ ಹೋಯಿತು. ಮೊದಲು ನಿನಗೆ ಗೊತ್ತಾಗಬೇಕಿತ್ತು. ಬೈಯಬೇಕೆನಿಸಿದರೆ ಬೈ, ಮಾತು ಬಿಡಬೇಕೆನಿಸಿದರೆ ಬಿಡು. ನೀನು ಕನ್ನಡಿಯ ಮುಂದೆ ಕೂತಿದ್ದ ಆ ನಲವತ್ತು ನಿಮಿಷ ಅಮ್ಮ ಆ ಮನೆಯಲ್ಲಿ ಇರಬೇಕಾದವಳೇ ಅಲ್ಲ, ಇಲ್ಲಿ ಕಿಟಕಿಯ ಹತ್ತಿರ ಇರಬೇಕಾದವಳು. ಹೋಗಿ ಕೂದಲು ಕತ್ತರಿಸಿಕೊಂಡು ಬಾ.